ಗುರಿಮರ

“ಹೊಡೆಯೋ ಹಂದಿ! ಸೂಜಿ ಚುಚ್ಚಿದಷ್ಟೂ ರಕ್ತ ಬಂದಿಲ್ಲ. ಇದನ್ನ ನೋಡೋಕಾ ಧಣಿಗಳು ಊಟ ಬಿಟ್ಟು ಎದ್ದು ಬಂದಿರೋದು?”

ಪಾರುಪತ್ಯಗಾರ ಕ್ರಿಸ್ಪ್ ನನ್ನ ಅಂಡಿಗೆ ಬೂಟುಗಾಲಲ್ಲಿ ಒದ್ದ. ನಾನು ಮುಗ್ಗರಿಸಿ ನಮ್ಮ ಭಾವ ಈನಕ್‌ನ ಬಡಿಗೆಯ ಕೆಳಗೇ ಹೋದೆ. ಕಿವಿಯ ಮೇಲೆ ಬಿತ್ತು ಏಟು. ವೇಲ್ ಧಣಿಯ ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ ಲಂಡನ್ನಿನ ಅತಿಥಿಗಳು ಚಪ್ಪಾಳೆ ತಟ್ಟಿದರು.

ಬಡಿಗೆಯಾಟದಲ್ಲಿ ಎಡಗೈಯನ್ನು ಸೊಂಟಕ್ಕೆ ಕಟ್ಟುತ್ತಾರೆ. ಬಲಗೈಯಲ್ಲಿ ಬಡಿಗೆ. ಯಾರ ತಲೆಯಿಂದ ಒಂದು ಅಂಗುಲ ರಕ್ತ ಹರಿಯುತ್ತದೋ ಅವನು ಸೋತ. ಧಣಿಗಳು ನರಿ ಬೇಟೆಯಾಡುತ್ತಾರೆ, ಕುದುರೆ ಓಡಿಸುತ್ತಾರೆ. ನೆಲ ಕೆಸರಾಗಿ ಅವೆರಡೂ ನಿಂತ ದಿನ ನಮ್ಮ ತಲೆ ಒಡೆಸುತ್ತಾರೆ. ಬೇರೆ ಸಲ ಗೆದ್ದವನಿಗೆ ಒಂದು ಟೋಪಿ ಸಿಗುತ್ತಿತ್ತು. ಈ ಸಲ ಹಸು.

ಯಾರದೋ ಹಸುವಲ್ಲ, ನಮ್ಮದೇ. ಧಣಿ ಊರ ಗೋಮಾಳಕ್ಕೆ ಬೇಲಿ ಹಾಕಿಸಿದ್ದ. ಮುತ್ತಜ್ಜನ ಕಾಲದಿಂದ ಅಲ್ಲೇ ಮೇಯ್ದ ದನಗಳಿಗೆ ಬೇಲಿ ಅಂದರೆ ಏನು ಗೊತ್ತು? ಸಂದಿಯಲ್ಲಿ ನುಗ್ಗಿದವು. ನನ್ನ ಹಸು ಬ್ರಿಂಡಲ್ಲೂ ಈನಕ್‌ನ ಕಪ್ಪು ಹಸುವೂ ಧಣಿಯ ದೊಡ್ಡಿ ಸೇರಿದವು. ನನ್ನ ಮಗಳು ಹಾಲಿಲ್ಲದೆ ಸೊರಗಿದ್ದಳು. ಬಾರ್ಲಿ ಗಂಜಿ ಕುಡಿಸಿದರೆ ಕಾರುತ್ತಿದ್ದಳು. “ಇಬ್ಬರೂ ಬಡಿದಾಡಿ. ಗೆದ್ದವನು ತನ್ನ ಹಸು ಹೊಡ್ಕೊಂಡು ಹೋಗಲಿ” ಅಂದಿದ್ದ ಧಣಿ.

“ಜೇಬೆಜ್, ಬಿಟ್ಕೊಡ್ತೀನಿ ಅನ್ಕೋಬೇಡ” ಅಂದ ಈನಕ್, ಹಲ್ಲು ಕಚ್ಚಿ. “ನಿಮ್ಮಕ್ಕನ ಹೊಟ್ಟೇಲೂ ಒಂದು ಬೆಳೀತೈತೆ.”

“ಬಿಟ್ಕೊಡು ಅಂತ ನಿನ್ನ ಯಾವನು ಕೇಳ್ದ ಭಾವ? ಹೊಡಿ.”

ಹೊಡೆದ. ನನ್ನ ಕಿರುಬೆರಳು ಮುರಿದು ನೇತಾಡಿತು. ಮಗಳ ಮುಖ ನೆನೆಸಿಕೊಂಡು ನಾನು ತಿರುಗಿಸಿ ಕೊಟ್ಟೆ. ಈನಕ್‌ನ ನೆತ್ತಿ ಬಾಯಿಬಿಟ್ಟಿತು. ಕ್ರಿಸ್ಪ್ ಅವನ ಜುಟ್ಟು ಹಿಡಿದು ಮುಖ ಎತ್ತಿ ಹೆಬ್ಬೆರಳಿಟ್ಟು ಅಳೆದ. “ಅಂಗುಲ ಆಯ್ತು ಧಣೀ.”

ನಾನು ದೊಡ್ಡಿಗೆ ಓಡಿದೆ. ಅಲ್ಲಿ ಒಂದು ದನವೂ ಇರಲಿಲ್ಲ.

“ನನ್ನ ಹಸು ಎಲ್ಲಿ?”

“ಹಸುವಾ? ಅದೋ, ಅಲ್ಲಿ ಬೊಗಳ್ತಾ ಐತೆ ಕೇಳು” ಅಂದ ಕ್ರಿಸ್ಪ್, ಬೇಟೆನಾಯಿಗಳ ಕೊಟ್ಟಿಗೆಯ ಕಡೆ ಕೈ ತೋರಿಸಿ. “ಎರಡನ್ನೂ ನಿನ್ನೇನೇ ಕಡಿಸಿ ಹಾಕಿದ್ವಿ. ನರಿ ಹಿಡಿಯೋ ನಾಯಿಗಳು ನಿನ್ನಂಗೆ ಗಂಜಿ ಕುಡ್ಕೊಂಡು ಓಡ್ತವೇನೋ ಬೋಳಿಮಗನೆ?”

ಅಂಗಳದಲ್ಲಿ ಈನಕ್ ಇನ್ನೂ ರಕ್ತ ಒರೆಸಿಕೊಳ್ಳುತ್ತಿದ್ದ. ಹೇಳಿದೆ. ಅವನು ಗೋಮಾಳದ ಬೇಲಿಯ ಕಡೆ ತಿರುಗಿ ನಿಂತ.

ಮುಂದಿನ ಮಂಗಳವಾರ ಚೆಂಡಾಟ. ಮರುದಿನದಿಂದ ಈಸ್ಟರ್ ತನಕ ಉಪವಾಸ ಶುರು ಅನ್ನುತ್ತಾನೆ ಪಾದ್ರಿ. ನಮಗದು ವರ್ಷವಿಡೀ ಇದ್ದದ್ದೇ. ಆ ಒಂದು ದಿನದ ಆಟ ಮಾತ್ರ ನಮ್ಮದು. ಮೇಲ್ಕೇರಿಯ ನಾವು ಚೆಂಡನ್ನು ನೀರುಗಿರಣಿಗೆ ತಾಗಿಸಬೇಕು. ಈನಕ್‌ನ ಕೆಳಕೇರಿಯವರು ಗೋಮಾಳದ ಓಕ್ ಮರಕ್ಕೆ. ನಡುವೆ ಕೈಕಾಲು ಮುರಿದರೆ ಕೇಳುವವರಿಲ್ಲ. ಚೆಂಡು ಹೋದ ಕಡೆಗೆಲ್ಲ ಹೋಗಬಹುದು, ಯಾರ ಹೊಲ, ಯಾರ ಬಾಗಿಲು ಅನ್ನುವ ಹಾಗಿಲ್ಲ. ಚೆಂಡು ಎಸೆದವನು ಇದಕ್ಕೆಲ್ಲ ಒಪ್ಪಿದ ಹಾಗೆ. ಎಸೆಯುವುದು ಧಣಿಯ ಮನೆತನದ ಹಕ್ಕು.

ಧಣಿ ಚರ್ಚಿನ ಗೋಡೆ ಹತ್ತಿ ನಿಂತ. ತಲೆಗೆ ಚಿಂದಿ ಸುತ್ತಿಕೊಂಡಿದ್ದ ಈನಕ್ ಮುಂದೆ ಬಂದ.

“ಧಣೀ, ಕೆಳಕೇರಿ ಗುರಿ ಯಾವ್ದು ಅಂತ ತಾವೇ ಒಂದ್ಮಾತು ಹೇಳ್ಬಿಡಿ.”

“ಓಕ್ ಮರ ಕಣೋ ಕತ್ತೆ! ಅದನ್ನೂ ವರ್ಷಾ ವರ್ಷಾ ಹೇಳ್ಕೊಡಬೇಕಾ?”

ಅತಿಥಿಗಳು ನಕ್ಕರು. ಧಣಿ ಚೆಂಡು ಎಸೆದ.

ಅದು ಕೆಳಗೆ ಬೀಳಲೇ ಇಲ್ಲ. ಮೈಯ ಮೇಲೆ ಮೈ ಬಿದ್ದು, ಯಾರದೋ ಮೊಣಕೈ ನನ್ನ ಮೂಗು ಜಜ್ಜಿತು. ಒದೆ ತಿನ್ನುತ್ತಲೇ ಚೆಂಡನ್ನು ಎದೆಗವಚಿಕೊಂಡು ಹೊರಬಿದ್ದೆ. ಗಿರಣಿಯ ಕಡೆಗಲ್ಲ, ಗೋಮಾಳದ ಕಡೆಗೆ ಓಡಿದೆ.

“ಲೌಡಿಮಗನೇ, ಗಿರಣಿ ಆ ಕಡೆ!” ನಮ್ಮವರೇ ಕಿರುಚಿದರು.

“ಧಣಿ ಅಂದದ್ದು ಕೇಳ್ದಿರಲ್ರೋ?” ಈನಕ್‌ನ ಗಂಟಲು ಹರಿಯುವಂತಿತ್ತು. “ಓಕ್ ಮರಕ್ಕೇ ತಾಗಿಸ್ಬೇಕು! ಓಕ್ ಎಲ್ಲೈತೆ? ಕಣ್ಣು ಬಿಟ್ಟು ನೋಡ್ರೋ, ಗೋಮಾಳದ ಸುತ್ತಾ ನಿಂತೈತೆ!”

ಬೇಲಿ ಹಾಕಿಸಿದವನಿಗೆ ಗೂಟ ಯಾವ ಮರದ್ದು ಅನ್ನುವ ನೆನಪು ಯಾಕಿರುತ್ತದೆ? ಗುರಿಯ ಆ ಓಕನ್ನೇ ಕಡಿದು ಗೂಟ ಸೀಳಿದ ಕೈಗಳು ನಮ್ಮವು. ಯಾರೋ ಹೋ ಅಂತ ನಕ್ಕರು. ಎರಡೂ ಕೇರಿ ಒಂದೇ ಕಡೆ ನುಗ್ಗಿತು.

ಮೊದಲ ಗೂಟಕ್ಕೆ ಚೆಂಡು ಕುಕ್ಕಿದೆ. ಹಿಂದಿನಿಂದ ಹೆಗಲುಗಳು ಬಂದು ಗೂಟ ಬುಡಮೇಲಾಯಿತು. ಮುಂದಿನದು. ಅದರ ಮುಂದಿನದು. ಅತಿಥಿಗಳು ಕುದುರೆಯ ಮೇಲೆ ಕೂತು ಇನ್ನೂ ಬಾಜಿ ಕಟ್ಟುತ್ತಲೇ ಇದ್ದರು. ಕ್ರಿಸ್ಪ್‌ಗೆ ಅರ್ಥವಾಯಿತು. ಕುದುರೆ ಹತ್ತಿ ಚಾಟಿ ಬೀಸಿಕೊಂಡು ಬಂದ. ನನ್ನ ಕೆನ್ನೆ ಸೀಳಿತು. ಯಾರೋ ಬೂಟು ಹಿಡಿದು ಅವನನ್ನು ಕುದುರೆಯಿಂದ ಎಳೆದು ಕೆಡವಿದರು. ನಾನು ಅವನ ಬಾಯಿಗೆ ಒದ್ದೆ. ಹಲ್ಲು ಉದುರಿದ್ದು ಕಾಲಿಗೆ ಗೊತ್ತಾಯಿತು. ನನಗೆ ಖುಷಿಯಾಯಿತು.

ಆಗ ಚೆಂಡು ಈನಕ್‌ನ ಕೈಯಲ್ಲಿತ್ತು. ಧಣಿಯ ಬೇಟೆಕಾಡು ಕಾಯುವ ಕಾವಲಿನವರು ಬಂದೂಕು ಹಾರಿಸಿದರು. ಭಾವ ಗೂಟದ ಬುಡದಲ್ಲಿ ಚೆಂಡಿನ ಮೇಲೇ ಬೋರಲು ಬಿದ್ದ.

“ಆಟ ಮುಗೀತು!” ಧಣಿ ಕೂಗಿದ. “ಎಲ್ಲ ಮನೆಗೆ ನಡೀರಿ!”

ಭಾವನನ್ನು ಹೊರಳಿಸಿದೆ. ಅಳೆಯಲು ಏನೂ ಉಳಿದಿರಲಿಲ್ಲ, ಮಣ್ಣೆಲ್ಲ ಕೆಂಪಾಗಿತ್ತು. ಅವನ ಎದೆಯಡಿಯ ಚೆಂಡು ತೆಗೆದು ಆ ಗೂಟಕ್ಕೆ ಕುಕ್ಕಿದೆ. ಕೆಂಪು ಗುರುತು ಉಳಿಯಿತು. ಯಾರೂ ಮನೆಗೆ ಹೋಗಲಿಲ್ಲ, ಯಾರೂ ಮುಂದೆಯೂ ಬರಲಿಲ್ಲ.

ಹೆಂಗಸರ ಗುಂಪು ಸೀಳಿಕೊಂಡು ಅಕ್ಕ ಥಾಮಸಿನ್ ಬಂದಳು, ಒಂದು ಕೈ ಹೊಟ್ಟೆಗೆ ಆನಿಸಿ. ನಮ್ಮೂರಲ್ಲಿ ಹೆಂಗಸರು ಚೆಂಡು ಮುಟ್ಟಿದವರೇ ಅಲ್ಲ. ಗಂಡನ ಮುಖ ನೋಡಿದಳು. ಆಮೇಲೆ ನನ್ನ ಕಡೆ ಕೈ ಚಾಚಿದಳು.

“ಕೊಡೋ ಇಲ್ಲಿ.”

ಕೊಟ್ಟೆ. ಕಾವಲಿನವರು ಮತ್ತೆ ಮದ್ದು ತುಂಬುತ್ತಿದ್ದರು. ಅಕ್ಕ ಮುಂದಿನ ಗೂಟದ ಕಡೆ ನಡೆದಳು.