ಗಾದಿ ಮೌಲಾಅಲಿಯ ಆಯ್ಕೆ

ಹನ್ನೆರಡು ಹುಡುಗಿಯರಲ್ಲಿ ಒಬ್ಬಳೂ ಟೆಂಪೋ ಹತ್ತಲಿಲ್ಲ. ಕರೆಪ್ಪ ಮಾಸ್ತರರು ಹಿಂಬಾಗಿಲನ್ನು ಎರಡು ಸಲ ತೆಗೆದು, ಎರಡು ಸಲ ಮುಚ್ಚಿ, ಮೂರನೆಯ ಸಲ ತೆಗೆದು ಹಾಗೇ ಬಿಟ್ಟರು.

“ಹತ್ರಿ ಅಂದ್ರ ಹತ್ರಿ. ಹನ್ನೆರಡೂವರಿ ಆತು. ಎರಡಕ್ಕ ಗೋಕಾಕದಾಗ ಆಯ್ಕೆ ಸುರು ಆಗತೈತಿ. ಜಿಲ್ಲಾ ಬೇಸ್‌ಬಾಲ್ ತಂಡದ ಪಟ್ಟಿ ಇವತ್ತ ಸಂಜೀಕ ಹೋಗೂದು.”

“ಗಾದಿ ಅಜ್ಜನ್ನ ಹಿಂಗ ಬಿಟ್ಟು ಹೆಂಗ ಹೋಗೂದ್ರಿ ಸರ್?” ಎಂದಳು ಮಾಯಾ. ಕಬ್ಬು ಕಡಿಯುವವರ ಮನೆಯ ಹುಡುಗಿ, ತಂಡದಲ್ಲಿ ಎಲ್ಲರಿಗಿಂತ ಗಿಡ್ಡ. ಬ್ಯಾಟನ್ನು ಕೋಲಿನಂತೆ ನೆಲಕ್ಕೂರಿ ನಿಂತಿದ್ದಳು.

ಗಾದಿ ಅಜ್ಜ ಎಂದರೆ ಮೌಲಾಅಲಿ ನದಾಫ. ಬೆಳಗಿನ ನಮಾಜು ಮುಗಿಸಿ, ಚಹಾ ಕೇಳಿ, ಅದು ಬರುವಷ್ಟರಲ್ಲಿ ಗೋಡೆಗೊರಗಿ ಕೂತಲ್ಲೇ ತೀರಿಕೊಂಡಿದ್ದ. ಅರವತ್ತೊಂಬತ್ತು ವರ್ಷ. ಊರಿಗೆಲ್ಲ ಹಾಸಿಗೆ ಹೊಲಿದವನು ತಾನು ಮಾತ್ರ ಒಂದು ದಿನವೂ ಹಾಸಿಗೆ ಹಿಡಿಯಲಿಲ್ಲ ಎಂದು ಯಾರೋ ಅಂದರು. ಆಮೇಲೆ ಕೊಣ್ಣೂರಿನ ಆ ಓಣಿಗೆ ಬಂದವರೆಲ್ಲ ಅದನ್ನೇ ತಮ್ಮ ಮಾತೆಂಬಂತೆ ಹೇಳುತ್ತಿದ್ದರು. ಮಧ್ಯಾಹ್ನದ ನಮಾಜಿನ ಮೇಲೆ ಮಣ್ಣು ಎಂದು ನಿಶ್ಚಯವಾಗಿತ್ತು.

ಶಾಮಿಯಾನದ ಕೆಳಗೆ ಗಂಡಸರ ಮಾತು ನಡೆದಿತ್ತು.

“ಕಣ್ಣಂದ್ರ ಕಾಕಾನ ಕಣ್ಣು. ಒಮ್ಮೆ ನೋಡಿದ್ರ ಮುಗೀತು, ಯಾರು ಆಟಗಾರ, ಯಾರಲ್ಲ ಅಂತ ಹೇಳೇ ಬಿಡವ್ರು,” ಎಂದ ಟೆಂಪೋದ ಯಲ್ಲಪ್ಪ.

“ನನ್ನ ವಿಷಯದಾಗ ತಪ್ಪಿದ್ರಲ್ಲೋ,” ಎಂದ ಶುಭಮ್. ಅವನೀಗ ಖಾನಾವಳಿ ನಡೆಸುತ್ತಿದ್ದ. ಪ್ಲಾಸ್ಟಿಕ್ ಕುರ್ಚಿಯ ಕೈಗಳ ನಡುವೆ ಹಿಡಿಸದೆ ಅದರ ತುದಿಯಲ್ಲಿ ಕೂತಿದ್ದ. “ನನಗ ಹದಿಮೂರು ವರ್ಷ ಇದ್ದಾಗ ಬೆನ್ನ ಚಪ್ಪರಿಸಿ, ಇವನಂಗ ಓಡಾವ ಮೂರು ತಾಲೂಕಿನಾಗ ಇಲ್ಲ ಅಂದಿದ್ರು. ಹತ್ತ ವರ್ಷ ಆದಮ್ಯಾಲೆ ಖಾನಾವಳಿಗೆ ಬಂದು ನನ್ನ ನೋಡಿ, ‘ಆವತ್ತ ನಿನ್ನ ಕಾಲ ನೋಡಿದ್ನೆಪಾ, ಬಾಯಿ ನೋಡೂದ ಮರ್ತಬಿಟ್ಟೆ’ ಅಂದ್ರು.”

ಸಾವಿನ ಮನೆಯೆಂಬುದನ್ನು ಮರೆತು ನಾಲ್ಕಾರು ಜನ ನಕ್ಕರು. ಒಳಗೆ ಹೆಂಗಸರ ನಡುವಿನಿಂದಲೂ ಒಂದು ನಗೆ ಕೇಳಿಸಿತು. ಎಲ್ಲರೂ ಅತ್ತ ತಿರುಗಿದರು. ನಕ್ಕವಳು ಮೌಲಾಅಲಿಯ ಹೆಂಡತಿ ಸುಲ್ತಾನಾಬಿ. ನಕ್ಕು, ಸೆರಗಿನಿಂದ ಕಣ್ಣೊರೆಸಿಕೊಂಡಳು.

*

ಮೌಲಾಅಲಿ ಬೇಸ್‌ಬಾಲ್ ಆಟವನ್ನು ಮೊದಲು ಕಂಡದ್ದು ನಲವತ್ತರ ಹತ್ತಿರ. ಕೊಲ್ಹಾಪುರದ ಒಂದು ಹಾಸ್ಟೆಲ್ಲಿಗೆ ಗಾದಿ ಹೊಲಿದುಕೊಡಲು ಹೋಗಿದ್ದ. ಅಲ್ಲಿ ಆಟ ಕಲಿಸುವವರು, ನಾಲ್ಕು ಚೌಕನೆಯ ಸಣ್ಣ ಗಾದಿಯನ್ನೂ ಹೊಲಿದುಕೊಡು ಎಂದರು.

“ಇಷ್ಟು ಸಣ್ಣ ಗಾದಿ ಮ್ಯಾಲೆ ಯಾರು ಮಲಗತಾರ್ರಿ?”

“ಮಲಗೂದಲ್ಲ. ಓಡಿ ಬಂದು ತುಳಿಯೂದು.”

ತಾನು ಹೊಲಿದದ್ದನ್ನು ಹೇಗೆ ತುಳಿಯುತ್ತಾರೋ ನೋಡಿಕೊಂಡು ಹೋಗೋಣವೆಂದು ನಿಂತವನು ಮೂರು ದಿನ ಊರಿಗೆ ಬರಲಿಲ್ಲ. ಬಂದಾಗ ಕೈಯಲ್ಲಿ ಹಳೆಯದೊಂದು ಗ್ಲೌಸ್ ಇತ್ತು. ಕರೆಪ್ಪ ಮಾಸ್ತರರು ಎಲ್ಲಿಂದಲೋ ನಿಯಮದ ಪುಸ್ತಕ ತರಿಸಿ ಓದಿ ಹೇಳಿದರು. ಓದು ಬಾರದ ಮೌಲಾಅಲಿ ಕಣ್ಣು ಮುಚ್ಚಿ ಕೇಳಿ, ಒಂದೆರಡು ಕಡೆ, “ಮಾಸ್ತರ, ಪುಸ್ತಕ ತಪ್ಪೈತಿ, ನಾ ಕಣ್ಣಾರೆ ನೋಡೇನಿ,” ಎಂದ.

ಹತ್ತಿ ಹಿಂಜಲು ಊರೂರ ಅಂಗಳಗಳಲ್ಲಿ ಕೂರುತ್ತಿದ್ದವನಿಗೆ ಮಕ್ಕಳನ್ನು ನೋಡುವುದು ಸುಲಭವಾಗಿತ್ತು. ಹಾಸಿಗೆ ಹೊಲಿದು ಏಳುವಾಗ ಮನೆಯವರಿಗೆ ಹೇಳುತ್ತಿದ್ದ: “ನಿಮ್ಮ ನಡುವಿನ ಮಗಳು ಒಂದ ಕಲ್ಲಿಗೆ ಒಂದ ಹುಣಸಿಕಾಯಿ ಕೆಡವತಾಳ. ನಾಳೆ ಮುಂಜಾನೆ ಮೈದಾನಕ್ಕ ಕಳಸ್ರಿ.” ಕೆಲವರು ಬೈದರು, ಕೆಲವರು ಕಳಿಸಿದರು.

ಆರಿಸುವಾಗ ಅವನದೊಂದೇ ಮಾತು. “ಚೆಂಡು ಹಿಡದಾಗ ಎಲ್ಲಾರೂ ಚಂದನ ಕಾಣತಾರ. ಬಿಟ್ಟಾಗ ಕಣ್ಣು ಎಲ್ಲಿ ಹೋಗತೈತಿ ನೋಡ್ರಿ.”

ಆ ಮಾತಿನಲ್ಲಿ ಒಮ್ಮೆ ಅವನ ಸ್ವಂತ ಮಗಳೇ ಸಿಕ್ಕಿಬಿದ್ದಳು. ಹದಿನಾಲ್ಕರ ಅನೀಸಳಷ್ಟು ಜೋರಾಗಿ ಚೆಂಡೆಸೆಯುವವರು ಆಗ ಸುತ್ತಲಲ್ಲಿ ಇರಲಿಲ್ಲ. ಧಾರವಾಡದ ಶಿಬಿರಕ್ಕೆ ಒಬ್ಬಳನ್ನು ಕಳಿಸಬೇಕಿತ್ತು. ಮೌಲಾಅಲಿ ದಡ್ಡಿ ಎಂಬ ಊರಿನ ದೀಪಾಳ ಹೆಸರು ಕೊಟ್ಟ.

ಅನೀಸ ಮನೆಗೆ ಬಂದು ಅಪ್ಪನ ಮುಂದೆ ನಿಂತಳು. “ನನ್ನ ಯಾಕ ಬಿಟ್ಟಿ?”

“ನೀ ಎರಡು ಚೆಂಡ ಬಿಟ್ಟಿ. ಎರಡೂ ಸಲ ನನ್ನ ಮಾರಿ ನೋಡಿದಿ. ದೀಪಾ ಐದ ಬಿಟ್ಳು. ಐದೂ ಸಲ ಚೆಂಡಿನ ಹಿಂದ ಓಡಿದ್ಳು.”

“ನೀ ನಮ್ಮಪ್ಪ ಅದಿ. ನಿನ್ನ ನೋಡದ ಯಾರ್ನ ನೋಡ್ಲಿ?”

ಅನೀಸ ಗ್ಲೌಸನ್ನು ಅಪ್ಪನ ಹತ್ತಿಯ ರಾಶಿಯ ಮೇಲಿಟ್ಟು ಒಳಗೆ ಹೋದಳು. ಮುಂದೆ ಮೂಡಲಗಿಗೆ ಮದುವೆಯಾಗಿ ಹೋದಳು, ಹಬ್ಬಕ್ಕೆ ಬಂದಳು, ಅಪ್ಪನೊಂದಿಗೆ ಬೆಲ್ಲದ ಧಾರಣೆ, ಮೊಮ್ಮಕ್ಕಳ ಜ್ವರ ಎಲ್ಲ ಮಾತಾಡಿದಳು. ಹತ್ತೊಂಬತ್ತು ವರ್ಷ ಮೈದಾನದ ದಾರಿ ತುಳಿಯಲಿಲ್ಲ.

*

“ತಂಡದ ಜೋಡಿ ದೊಡ್ಡವರು ಒಬ್ಬರು ಇರಾಕ ಬೇಕು. ಇಲ್ಲಂದ್ರ ಮೈದಾನದಾಗ ಬಿಡೂದಿಲ್ಲ,” ಎಂದರು ಕರೆಪ್ಪ ಮಾಸ್ತರರು. ಅವರು ಮಾತಾಡುತ್ತಿದ್ದುದು ಮೌಲಾಅಲಿಯ ಮಗ ಸೈಫಅಲಿಯೊಂದಿಗೆ. “ನಾನ ಹೋಗಬೇಕು ಖರೆ. ಆದ್ರ ಮೂವತ್ತು ವರ್ಷ ಅವನ ಬಾಜೂಕ ನಿಂತೇನಿ. ಇವತ್ತ ಹೆಗಲ ಕೊಡದ ಹೋಗಾಕ ನನ್ನ ಕೈಲಿ ಆಗೂದಿಲ್ಲೋ ತಮ್ಮಾ.”

ಸೈಫಅಲಿ ತಲೆ ತಗ್ಗಿಸಿದ. ಅವನಂತೂ ಕದಲುವಂತಿರಲಿಲ್ಲ.

“ನಾ ಹೋಗ್ತೇನ್ರಿ,” ಎಂದಿತು ಬಾಗಿಲಲ್ಲಿ ಒಂದು ದನಿ. ಅನೀಸ ನಿಂತಿದ್ದಳು. “ಮಣ್ಣಿಗೆ ಹೆಣ್ಮಕ್ಕಳು ಹೋಗೂದಿಲ್ಲ. ಜನಾಜಾ ಎದ್ದ ಮ್ಯಾಲೆ ನಾ ಇಲ್ಲಿ ಕುಂತು ಮಾಡೂದರ ಏನು?”

ಒಳಗಿದ್ದ ಸೋದರತ್ತೆ ಎದ್ದೇ ಬಿಟ್ಟಳು. “ಅಪ್ಪನ ಮಣ್ಣಿನ ದಿನ ಆಟಕ್ಕ ಹೋಗ್ತಾಳಂತ. ಮಂದಿ ಏನಂದಾರು?”

“ಮಂದಿ ಏನಂದಾರು ಅಂತ ಅವರು ಬದಕಿದ್ರೇನು?” ಎಂದಳು ಸುಲ್ತಾನಾಬಿ, ಕೂತಲ್ಲಿಂದಲೇ. “ಹೋಗು ಅನೀಸಾ. ಮಾರಿ ನೋಡಿ ಹೋಗು. ಆ ಹುಡುಗ್ಯಾರಿಗೂ ತೋರಿಸು.”

ಹುಡುಗಿಯರು ಚಪ್ಪಲಿ ಬಿಟ್ಟು ಸಾಲಾಗಿ ಒಳಬಂದರು. ಮೌಲಾಅಲಿಯ ಗಡ್ಡವನ್ನು ಯಾರೋ ಅಚ್ಚುಕಟ್ಟಾಗಿ ಬಾಚಿದ್ದರು. ಹತ್ತಿಯ ಎಳೆಯಿಲ್ಲದ ಆ ಗಡ್ಡವನ್ನು ಅನೀಸ ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಯಾರದೋ ಅಪ್ಪನನ್ನು ನೋಡಿದಂತಾಯಿತು ಅವಳಿಗೆ. ಹೊರಗೆ ಬಂದಾಗ ಹನ್ನೆರಡು ಹುಡುಗಿಯರೂ ತಾವಾಗಿ ಟೆಂಪೋದಲ್ಲಿ ಕೂತಿದ್ದರು.

*

ಗೋಕಾಕದ ಮೈದಾನದಲ್ಲಿ ಆಯ್ಕೆ ಮಾಡುವವರು ಇಬ್ಬರು. ಒಬ್ಬಳು ದೀಪಾ, ಈಗ ಹುಕ್ಕೇರಿಯಲ್ಲಿ ದೈಹಿಕ ಶಿಕ್ಷಕಿ. ಅನೀಸಳನ್ನು ಕಂಡವಳೇ ಓಡಿಬಂದು ಕೈ ಹಿಡಿದುಕೊಂಡಳು.

“ನಾಳಿಗೆ ಮಾಡೂಣು ಅಂತ ಬಾಳ ಹೇಳಿದೆ ಅಕ್ಕಾ. ಮ್ಯಾಲಿನವರು ಕೇಳಲಿಲ್ಲ. ಕಾಕಾನ ಕಡೀಸಲ ನೋಡಾಕೂ ಆಗಲಿಲ್ಲ ನನಗ.”

“ಅವರ ಹುಡುಗ್ಯಾರ್ನ ಕರಕೊಂಡ ಬಂದೇನಿ. ನೋಡು,” ಎಂದಳು ಅನೀಸ.

ಇನ್ನೊಬ್ಬ ಉಮೇಶ. ಅಳತೆಯ ಟೇಪು, ಓಟದ ಗಡಿಯಾರ ಹಿಡಿದ ಶಿಸ್ತಿನ ಮನುಷ್ಯ. ಎತ್ತರ ಅಳೆದ, ಓಡಿಸಿದ, ಎಸೆಯಿಸಿದ, ಎಲ್ಲವನ್ನೂ ಬರೆದುಕೊಂಡ. ಆಮೇಲೆ ಒಬ್ಬ ಕಾಲೇಜು ಹುಡುಗ ಚೆಂಡೆಸೆಯತೊಡಗಿದ. ಒಬ್ಬೊಬ್ಬಳಾಗಿ ಬಂದು ಹೊಡೆಯಬೇಕಿತ್ತು. ಹುಡುಗಿಯರಿಗೆ ಪೆಟ್ಟಾದೀತೆಂದು ಅವನು ಮೆಲ್ಲಗೆ ಎಸೆಯುತ್ತಿದ್ದ. ಮೂಡಲಗಿಯಿಂದ ಬಂದಿದ್ದ ಎತ್ತರದ ಹುಡುಗಿಯರು ದೂರ ದೂರ ಹೊಡೆದರು. ಮಾಯಾ ಆರಕ್ಕೆ ಆರೂ ತಪ್ಪಿದಳು. ಉಮೇಶ ಅವಳ ಹೆಸರಿನ ಮೇಲೆ ಗೆರೆ ಎಳೆದ.

ಅನೀಸ ನೆರಳಿನಿಂದ ಎದ್ದು ಬಂದಳು. “ಆ ಗೆರಿ ತಪ್ಪೈತ್ರಿ.”

“ಅಳತಿ ಸುಳ್ಳ ಹೇಳೂದಿಲ್ರಿ ಬಾಯಾರ.”

“ಅಳತಿ ಖರೆ ಐತಿ. ಆದ್ರ ಸಂತ್ಯಾಗ ಎತ್ತ ನೋಡಿದಂಗ ನೋಡಾಕತ್ತೀರಿ. ಚೆಂಡು ಮೆಲ್ಲಗ ಬರಾಕತ್ತೈತಿ. ಆಕಿ ಬ್ಯಾಟು ಅದಕ್ಕಿಂತ ಮೊದಲ ಬಂದು ಹೋಗಾಕತ್ತೈತಿ. ಜಿಲ್ಲಾ ಪಂದ್ಯದಾಗ ಇಷ್ಟ ಮೆಲ್ಲಗ ಯಾರು ಹಾಕತಾರ್ರಿ? ಜೋರ ಹಾಕಿಸಿ ನೋಡ್ರಿ.”

“ಹುಡುಗ್ಯಾರಿಗೆ ಜೋರ ಹಾಕಂದ್ರ ಈ ಹುಡುಗ ಅಂಜತಾನ. ಮತ್ತ ಯಾರು ಹಾಕತಾರ?”

ದೀಪಾ ಮುಂದೆ ಬಂದಳು. ಚೆಂಡನ್ನು ಆ ಹುಡುಗನ ಕೈಯಿಂದ ತೆಗೆದುಕೊಂಡು ಅನೀಸಳ ಕೈಗಿಟ್ಟಳು.

ಅನೀಸ ಬುರ್ಖಾ ತೆಗೆದು ಮಡಚಿ ಕುರ್ಚಿಯ ಮೇಲಿಟ್ಟು, ಓಢಣಿಯನ್ನು ನಡುವಿಗೆ ಕಟ್ಟಿಕೊಂಡಳು. ಮೊದಲ ಚೆಂಡು ಮಾಯಾಳ ತಲೆಯ ಮೇಲಿಂದ ಹಾರಿ ಬೇಲಿಗೆ ಬಡಿಯಿತು. ತನಗರಿವಿಲ್ಲದೆಯೇ ಅನೀಸ ಬಲಕ್ಕೆ ತಿರುಗಿದಳು. ಅಪ್ಪ ಯಾವಾಗಲೂ ಕುಕ್ಕರಗಾಲಲ್ಲಿ ಕೂರುತ್ತಿದ್ದ ಕಡೆ. ಅಲ್ಲಿ ನೀರಿನ ಕ್ಯಾನು ಮಾತ್ರ ಇತ್ತು.

ಅವಳಿಗೆ ನಗು ಬಂತು. “ದೀಪಾ, ಆವತ್ತ ಅವರು ಮಾಡಿದ್ದು ಸರೀನ ಇತ್ತು ನೋಡು,” ಎಂದಳು. ದೀಪಾ ಅರ್ಥವಾಗದೆ ನೋಡಿದಳು.

ಎರಡನೆಯ ಚೆಂಡು ನೇರ ಹೋಯಿತು. ಮಾಯಾ ಬೀಸಿದಳು, ತಪ್ಪಿತು. ಅವಳು ಯಾರ ಮುಖವನ್ನೂ ನೋಡಲಿಲ್ಲ. ಚೆಂಡು ಹೋದ ದಾರಿಯನ್ನು ನೋಡಿ, ಎಡಗಾಲನ್ನು ಒಂದು ಗೇಣು ಹಿಂದಿಟ್ಟಳು. ಮೂರನೆಯದು ಬ್ಯಾಟಿಗೆ ಸಿಕ್ಕ ಸದ್ದಿಗೆ ಬೇಲಿಯಾಚೆ ಮಲಗಿದ್ದ ನಾಯಿ ಎದ್ದು ನಿಂತಿತು. ನಾಲ್ಕನೆಯದೂ ಅತ್ತಲೇ ಹೋಯಿತು.

“ಇನ್ನ ಉಳದವರಿಗೂ ಹಾಕ್ತೀರೇನ್ರಿ?” ಎಂದ ಉಮೇಶ. ಪೆನ್ನಿನ ಮುಚ್ಚಳ ತೆಗೆದು ಹೊಸ ಹಾಳೆ ತಿರುವಿದ್ದ.

ಮೂಡಲಗಿಯ ಎತ್ತರದವರಲ್ಲಿ ಒಬ್ಬಳು ಆ ವೇಗಕ್ಕೂ ಹೊಡೆದಳು. ಅನೀಸಳೇ, ಈಕಿನ್ನ ಬಿಡಬ್ಯಾಡ್ರಿ ಎಂದಳು. ಕೊಣ್ಣೂರಿನ ಉದ್ದನೆಯ ಹುಡುಗಿ ಮಹೆಕ ತಪ್ಪಿ, ತಪ್ಪಿದಾಗಲೆಲ್ಲ ಅನೀಸಳ ಮುಖ ನೋಡಿದಳು. “ಈಕಿಗೆ ಇನ್ನೊಂದ ವರ್ಷ ಬೇಕ್ರಿ,” ಎಂದು ಅನೀಸ ಅವಳನ್ನು ಹತ್ತಿರ ಕರೆದು ತಲೆ ಸವರಿದಳು. “ನನ್ನ ಮಾರ್ಯಾಗ ಏನೂ ಇಲ್ಲವಾ. ಚೆಂಡ ನೋಡು. ನಾನೂ ಇದನ್ನ ತಡಾ ಮಾಡೇ ಕಲತೆ.”

*

ಟೆಂಪೋ ಕೊಣ್ಣೂರು ಮುಟ್ಟಿದಾಗ ಬಿಸಿಲು ಇಳಿದಿತ್ತು. ಮಣ್ಣು ಮುಗಿಸಿ ಬಂದ ಗಂಡಸರು ಶಾಮಿಯಾನದ ಕೆಳಗೆ ಕೂತಿದ್ದರು. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಾದ್ದರಿಂದ ಓಣಿಯವರು ಖಿಚಡಿ ಮಾಡಿ ತಂದಿದ್ದರು. ಜೊತೆಗೆ ಶುಭಮ್‌ನ ಖಾನಾವಳಿಯಿಂದ ಬದನೆಕಾಯಿ ಪಲ್ಯ. ಹನ್ನೆರಡು ಹುಡುಗಿಯರನ್ನು ಓಣಿಯುದ್ದಕ್ಕೂ ಸಾಲಾಗಿ ಕೂರಿಸಿದರು. ಸೈಫಅಲಿ ಕೈ ತೊಳೆದುಕೊಂಡು ಬಡಿಸಲು ನಿಂತ.

“ಎಷ್ಟು ಮಂದಿ?” ಎಂದರು ಕರೆಪ್ಪ ಮಾಸ್ತರರು.

“ಮೂರು,” ಎಂದಳು ಮಾಯಾ, ಬಾಯಿ ತುಂಬ ಖಿಚಡಿ ಇಟ್ಟುಕೊಂಡೇ. ಮಾಸ್ತರರು ಟೋಪಿ ತೆಗೆದು, ಮತ್ತೆ ಹಾಕಿಕೊಂಡು ಅತ್ತ ಹೋದರು.

ಅನೀಸ ಒಳಗೆ ಬಂದಳು. ಗಂಡ ತೀರಿದವಳ ಕಟ್ಟಳೆಯಂತೆ ಇನ್ನು ನಾಲ್ಕು ತಿಂಗಳು ಹತ್ತು ದಿನ ಹೊಸ್ತಿಲು ದಾಟುವಂತಿಲ್ಲದ ಸುಲ್ತಾನಾಬಿ ಬಿಳಿಯ ಸೀರೆಯುಟ್ಟು ಕಿಟಕಿಯ ಬಳಿ ಕೂತಿದ್ದಳು.

“ಮಾಯಾ ಆದಳೇನು?”

“ಆದಳು.”

“ಮಹೆಕ?”

“ಇಲ್ಲ.”

“ಇನ್ನೊಂದ ವರ್ಷ ಬೇಕು ಅಂತ ಅವರು ಅಂತಿದ್ರು.” ಸುಲ್ತಾನಾಬಿ ಮಗಳನ್ನು ಮೇಲಿಂದ ಕೆಳಗೆ ನೋಡಿದಳು. “ನೀ ಎಷ್ಟು ಚೆಂಡ ಹಾಕಿದಿ?”

“ಯಾರು ಹೇಳಿದ್ರು ನಿನಗ?”

“ಯಾರೂ ಹೇಳಿಲ್ಲ. ಬಂದಾಗಿಂದ ಬಲಗೈ ಎತ್ತವಲ್ಲಿ.”

“ನಲವತ್ತರ ಹತ್ತಿರ ಆದೂವು.”

ಸೋದರತ್ತೆ ಏನೋ ಹೇಳಲು ಬಾಯಿ ತೆರೆದಳು. ಸುಲ್ತಾನಾಬಿ ಅವಳತ್ತಲೇ ತಿರುಗಿ, “ಆ ಮಾಡದಾಗಿನ ಎಣ್ಣಿ ಬಾಟಲಿ ಕೊಡವಾ,” ಎಂದಳು. ಅತ್ತೆ ಎದ್ದು ಗೋಡೆಯ ಗೂಡಿನಿಂದ ತಂದುಕೊಟ್ಟಳು.

ಅನೀಸ ಅವ್ವನಿಗೆ ಬೆನ್ನು ಮಾಡಿ ಚಾಪೆಯ ಮೇಲೆ ಕೂತಳು. ಅಂದು ಬೆಳಿಗ್ಗೆಯಷ್ಟೇ ಬಳೆ ತೆಗೆದಿದ್ದ ಕೈಗಳು ಸದ್ದಿಲ್ಲದೆ ಎಣ್ಣೆ ಸುರಿದುಕೊಂಡು ಭುಜದ ಮೇಲೆ ಆಡತೊಡಗಿದವು.

“ಇಲ್ಲೇನು?”

“ಇನ್ನ ಸ್ವಲ್ಪ ಕೆಳಗ.”

ಹೆಬ್ಬೆರಳು ಒಂದಿಷ್ಟು ಕೆಳಗೆ ಸರಿದು, ನೋಯುವ ಜಾಗವನ್ನು ಹುಡುಕಿ, ಅಲ್ಲೇ ಒತ್ತಿ ನಿಂತಿತು.