ಗೋಧಿ ಕುಂಡದ ಹೇನು

ಜನ ಹಸು ಸಾಕುತ್ತಾರೆ, ಕೋಳಿ ಸಾಕುತ್ತಾರೆ. ಈ ಮನೆಯ ಅತ್ತೆ ಹೇನು ಸಾಕುತ್ತಿದ್ದಳು. ತಲೆಯ ಹೇನಲ್ಲ, ಗಿಡದ ಹೇನು. ದೊಣ್ಣೆಮೆಣಸಿನಕಾಯಿ ಬೆಳೆಯುವ ಉದ್ದನೆಯ ಗಾಜಿನ ಮನೆಯ ಮೂಲೆಯಲ್ಲಿ ಗೋಧಿ ಪೈರಿನ ಕುಂಡಗಳಿದ್ದವು, ಪೈರಿನ ತುಂಬ ಹಸಿರು ಹೇನು ಮುತ್ತಿಕೊಂಡಿರುತ್ತಿತ್ತು. ಒಂದು ಕುಂಡ ಸೊರಗಿದರೆ ಹೊಸದನ್ನು ತಂದಿಟ್ಟು, ಹೇನನ್ನು ಕೈಯಾರೆ ಅದಕ್ಕೆ ದಾಟಿಸುತ್ತಿದ್ದಳು. ನೋಡಿದವರು ಮೂಗಿನ ಮೇಲೆ ಬೆರಳಿಡುತ್ತಿದ್ದರು.

ಕಿರಿಸೊಸೆಗಂತೂ ಆ ಮೂಲೆ ಕಣ್ಣಿಗೆ ಬಿದ್ದ ಕಸ. ಅವಳು ಲಾಂಡ್ರಿ ನಡೆಸುವವರ ಮನೆಯ ಮಗಳು. ಕಲೆ ಕಂಡರೆ ಕೈ ಸುಮ್ಮನಿರದು. ಗಂಡ ಇಸ್ತ್ರಿ, ಇಸ್ತ್ರಿ ಎಂದು ರೇಗಿಸಿ ರೇಗಿಸಿ, ಮನೆಯವರ ಬಾಯಲ್ಲೆಲ್ಲ ಅವಳಿಗೆ ಅದೇ ಹೆಸರು ನಿಂತುಬಿಟ್ಟಿತ್ತು.

ಅತ್ತೆ ಕಾರಣ ಹೇಳದೆ ಇರಲಿಲ್ಲ. ಗೋಧಿಯ ಹೇನು ಮೆಣಸಿನ ಗಿಡಕ್ಕೆ ಹತ್ತುವುದಿಲ್ಲ, ಅದು ಗುಲಗಂಜಿ ಹುಳುಗಳ ಊಟ. ಕೆಂಪು ಬೆನ್ನಿನ ಮೇಲೆ ಕಪ್ಪು ಚುಕ್ಕೆಯ ಆ ಹುಳುಗಳೇ ಗಾಜಿನ ಮನೆಯ ಕಾವಲು. ಮೆಣಸಿನ ಗಿಡದಲ್ಲಿ ಹೇನು ಹೆಚ್ಚಿದರೆ ತಿಂದುಂಡು ಅವೂ ಹೆಚ್ಚುತ್ತವೆ; ಅವು ಹೆಚ್ಚಿದರೆ ಹೇನು ಇಳಿಯುತ್ತದೆ; ಹೇನು ಪೂರ್ತಿ ಇಳಿದರೆ ಕಾವಲಿನವರಿಗೇ ಉಪವಾಸ. ಆ ಉಪವಾಸದ ಕಾಲಕ್ಕೆಂದೇ ಗೋಧಿ ಕುಂಡ. "ಎರಡು ತಟ್ಟೇಲೂ ಒಂದಿಷ್ಟು ಇರಬೇಕು ಕಣೆ. ಒಂದು ಖಾಲಿ ಆದ್ರೆ ತಕ್ಕಡಿ ಬಿತ್ತು ಅಂತ್ಲೇ ಲೆಕ್ಕ" ಎನ್ನುತ್ತಿದ್ದಳು. ಇಸ್ತ್ರಿ ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟಳು.

ಅತ್ತೆಯ ಕಣ್ಣು ಬಹಳ ಕಾಲದಿಂದ ಮಂಜಾಗುತ್ತ ಬಂದಿತ್ತು. ಈ ಸಲ ಆಪರೇಷನ್ನಿಗೆ ಆಸ್ಪತ್ರೆ ಸೇರುವಾಗ ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು: ಒಂದು ಕಣ್ಣು ಹೋದಂತೆಯೇ, ಇನ್ನೊಂದರಲ್ಲಿ ನೆರಳು ಕಂಡರೆ ಅದೇ ದೊಡ್ಡದು. ಹಾಗಾದರೆ ಗಾಜಿನ ಮನೆ ಯಾರ ಕೈಗೆ? ಹಿರಿಸೊಸೆಗೆ ಮಣ್ಣು ಮುಟ್ಟಿದರೆ ಸೀನು. ಅತ್ತೆ ಇಸ್ತ್ರಿಯ ಕೈಗೆ ಬೀಗದ ಕೈ ಕೊಟ್ಟು, ವಾಪಸು ಬಂದ ಮೇಲೆ ನೋಡೋಣ ಎಂದಷ್ಟೇ ಹೇಳಿ ಹೋದಳು. ಇಸ್ತ್ರಿಗೆ ಗಾಜಿನ ಮನೆ ಬೇಕಿತ್ತು. ಅದಕ್ಕಿಂತ ಹೆಚ್ಚಾಗಿ ಅತ್ತೆಯ ಬಾಯಿಂದ ಒಂದು ಒಳ್ಳೆಯ ಮಾತು ಬೇಕಿತ್ತು.

ಆಗ ಬೆಳೆ ಚೊಕ್ಕಟವಾಗಿತ್ತು. ಎಲೆ ಎಲೆ ತಿರುವಿ ನೋಡಿದರೂ ಒಂದು ಹೇನಿಲ್ಲ. ಕಾಯಿ ಕೊಳ್ಳುವ ಕಂಪನಿಯವರು ನೋಡಲು ಬರುವವರಿದ್ದರು. ಕಳ್ಳರೇ ಇಲ್ಲದ ಊರಲ್ಲಿ ಪೊಲೀಸರಿಗೆ ಊಟ ಹಾಕಿ ಕೂರಿಸುವುದೇಕೆ ಎಂದುಕೊಂಡಳು ಇಸ್ತ್ರಿ. ಪೈರನ್ನೆಲ್ಲ ಕಿತ್ತು ಹಿಂದುಗಡೆ ಸುಟ್ಟಳು, ಕುಂಡಗಳನ್ನು ಸೋಪುನೀರಲ್ಲಿ ತಿಕ್ಕಿ ಬೋರಲು ಹಾಕಿದಳು. ಕಂಪನಿಯವರು ಬಂದು ತಲೆದೂಗಿದರು. ಆ ದಿನ ಅವಳ ಕಾಲು ನೆಲದ ಮೇಲಿರಲಿಲ್ಲ.

ಆಮೇಲೆ ಗುಲಗಂಜಿ ಹುಳುಗಳು ನಡೆಯತೊಡಗಿದವು. ಎಲೆ ಬಿಟ್ಟು ಕದಲದವು ಈಗ ಗಾಜಿನ ಮೇಲೆ ಹತ್ತುವುದು, ಇಳಿಯುವುದು, ಮತ್ತೆ ಹತ್ತುವುದು. ಎಷ್ಟೋ ಹುಳುಗಳು ಗಾಳಿಕಿಂಡಿಯ ಹತ್ತಿರ ಗುಂಪುಗೂಡಿ ಹೊರಗೆ ಹಾರಿಹೋದವು. ಒಂದು ಎಲೆಯ ಅಡಿ ಹಳದಿ ಮೊಟ್ಟೆಗಳ ಗೊಂಚಲಿತ್ತು. ಅದರ ಮೇಲೆ ಬಾಗಿದ ಹುಳು ಮೊಟ್ಟೆಗಳನ್ನು ಒಂದೊಂದಾಗಿ ತಿನ್ನುತ್ತಿತ್ತು. ಅವು ತನ್ನ ಜಾತಿಯದೇ ಮೊಟ್ಟೆಗಳು. ಇಸ್ತ್ರಿ ಕಿಟಕಿಪಟ್ಟಿಯ ಮೇಲೆ ಸತ್ತು ಬಿದ್ದವನ್ನು ಗುಡಿಸಿ ಎಸೆದಳು. ಕ್ಲೀನು ಮಾಡುವುದೊಂದು ಬಿಟ್ಟರೆ ಅವಳಿಗೆ ಬೇರೇನೂ ತೋಚಲಿಲ್ಲ.

ಅಂದು ಆಸ್ಪತ್ರೆಯಿಂದ ಅತ್ತೆಯ ಫೋನು ಬಂತು. ಬೆಳೆ ಹೇಗಿದೆ ಎಂದಾಗ ಇಸ್ತ್ರಿ ಒಂದು ಹೇನೂ ಇಲ್ಲವೆಂದಳು.

"ಗೋಧಿ ಮೇಲೆ ಇದೆ ತಾನೆ?"

"ಇದೆ ಅತ್ತೆ."

ಹಾಗಾದರೆ ಸರಿ, ನೆಮ್ಮದಿಯಾಗಿ ಮಲಗುತ್ತೇನೆ ಎಂದು ಅತ್ತೆ ಫೋನಿಟ್ಟಳು. ಇಸ್ತ್ರಿಗೆ ನೆಮ್ಮದಿ ಅಲ್ಲಿಗೆ ಮುಗಿಯಿತು.

ಹುಳು ಹೊರಗೆ ಹೋದ ಕಿಂಡಿಯಿಂದಲೇ ರೆಕ್ಕೆಯ ಹೇನೊಂದು ಒಳಗೆ ಬಂದಿರಬೇಕು. ಹೇನಿಗೆ ಗಂಡೂ ಬೇಡ, ಮದುವೆಯೂ ಬೇಡ. ತಾಯಿ ಜೀವಂತ ಮಕ್ಕಳನ್ನೇ ಹೆರುತ್ತಾಳೆ, ಆ ಹೆಣ್ಣುಮಕ್ಕಳು ಹುಟ್ಟುವಾಗಲೇ ಬಸುರಿಯರು. ಮೊದಲು ಒಂದು ಚಿಗುರು ಮುದುರಿತು, ಆಮೇಲೆ ಸಾಲಿಗೆ ಸಾಲೇ. ಇಸ್ತ್ರಿ ಸೋಪುನೀರು ಹೊಡೆದಳು. ಬೆಳಗ್ಗೆ ತೊಳೆದ ಎಲೆಯಲ್ಲಿ ಮರುದಿನ ಮತ್ತೆ ಹಸಿರು ಹೇನು ಮಿಸುಕುತ್ತಿತ್ತು. ಎಲೆಗಳಿಂದ ಅಂಟು ತೊಟ್ಟಿಕ್ಕಿ ನೆಲವೆಲ್ಲ ಜಿಗುಟು, ಅದರ ಮೇಲೆ ಕಪ್ಪು ಬೂಸಲು. ಹೊಸ ಗುಲಗಂಜಿ ಹುಳು ತರಿಸಬಹುದಿತ್ತು. ತರಿಸಿದರೆ ಗಂಡ ಯಾಕೆಂದು ಕೇಳುತ್ತಾನೆ, ಗಂಡ ಕೇಳಿದರೆ ಅತ್ತೆಗೆ ತಿಳಿಯುತ್ತದೆ. ಇನ್ನೊಂದು ದಿನ ನೋಡೋಣ, ಇನ್ನೊಂದು ದಿನ ನೋಡೋಣ ಎಂದು ಅವಳು ತುಟಿ ಬಿಚ್ಚಲಿಲ್ಲ. ಹೇನು ಮಾತ್ರ ಯಾವ ದಿನಕ್ಕೂ ಕಾಯಲಿಲ್ಲ.

ಅತ್ತೆ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಬಂದಳು. ಇನ್ನೊಂದರಲ್ಲಿ ಬೆಳಕು ಕತ್ತಲೆ ಬಿಟ್ಟರೆ ಏನೂ ತಿಳಿಯುತ್ತಿರಲಿಲ್ಲ. ನೀರೂ ಕುಡಿಯದೆ ಗಾಜಿನ ಮನೆಗೆ ಕರೆದುಕೊಂಡು ಹೋಗು ಎಂದಳು. ಇಸ್ತ್ರಿ ಕೈ ಹಿಡಿದು ನಡೆಸಿದಳು. ಬಾಗಿಲು ದಾಟಿದೊಡನೆ ಅತ್ತೆಯ ಚಪ್ಪಲಿ ನೆಲಕ್ಕೆ ಅಂಟಿ ಚರ್ರೆಂದಿತು. ಅವಳು ನಿಂತಳು. ಕೈ ಚಾಚಿ ಒಂದು ಎಲೆಯನ್ನು ಬೆರಳುಗಳ ನಡುವೆ ಸವರಿದಳು.

ಇಸ್ತ್ರಿ ಅಳುತ್ತ ಎಲ್ಲ ಹೇಳಿದಳು. ಸುಟ್ಟದ್ದು, ತೊಳೆದದ್ದು, ಹುಳುಗಳು ಹೋದದ್ದು.

"ತೊಳೆದ್ಯಲ್ಲ, ಅದಕ್ಕೆ ಏನೂ ಅನ್ನಲ್ಲ," ಎಂದಳು ಅತ್ತೆ. "ಅವತ್ತು ಫೋನಲ್ಲಿ ಹೇಳಿದ್ದಿದ್ರೆ ಹುಳ ತರಿಸ್ತಿದ್ದೆ, ಬೆಳೆ ಉಳೀತಿತ್ತು. ಇನ್ನು ಮೇಲೆ ನೀನು ಕಂಡದ್ದೇ ನಾನು ಕಂಡದ್ದು ಅಂದ್ಕೊಂಡಿದ್ದೆ. ಇಲ್ಲದ್ದನ್ನ ಇದೆ ಅಂದ್ರೆ ನಾನು ಹೇಗಮ್ಮ ಬದುಕೋದು?"

ಇಸ್ತ್ರಿ ಇನ್ನು ಹಾಗೆ ಮಾಡುವುದಿಲ್ಲ ಎಂದಳು. ಅತ್ತೆ ಸೊಸೆಯ ಹಿಡಿತದಿಂದ ಮೆಲ್ಲಗೆ ಕೈ ಬಿಡಿಸಿಕೊಂಡು, ಅಂಟಂಟಾದ ಗಿಡಗಳನ್ನು ಒಂದೊಂದಾಗಿ ತಡವುತ್ತ, ಸಾಲಿನ ಒಳಕ್ಕೆ ಒಬ್ಬಳೇ ನಡೆದಳು.