ಇಂಗ್ಲೆಂಡಿನ ಹಂದಿ, ಆದಿವಾಲದ ಕುರಿ

ಆದಿವಾಲದ ಗೋಮಾಳದಲ್ಲಿ ವಿಮಾನ ಹಾರುವ ಮೊದಲೇ ಹನುಮಂತಯ್ಯ ಹಾರಾಡುತ್ತಿದ್ದ. ಯುದ್ಧದ ಕಾಲದಲ್ಲಿ ಬೆಂಗಳೂರಿನಲ್ಲಿ ಬ್ರಿಟಿಷ್ ವಾಯುಪಡೆಯ ಉಗ್ರಾಣ ನೋಡಿಕೊಂಡಿದ್ದವನು. ಸ್ವಾತಂತ್ರ್ಯ ಬಂದು ದೊರೆಗಳು ಹಡಗು ಹತ್ತಿದ ಮೇಲೆ, ಅವರು ಬಿಟ್ಟುಹೋದ ಒಂದು ಪೆಟ್ಟಿಗೆ ಪುಸ್ತಕ, ಒಂದು ಪೈಪು ಮತ್ತು ಮೂಗಿನಿಂದ ಹೊರಡುವ ಇಂಗ್ಲಿಷನ್ನು ಹೊತ್ತುಕೊಂಡು ಹಿರಿಯೂರಿಗೆ ಮರಳಿದ್ದ. ಈಗ, ಐವತ್ತಾರರ ಮಳೆಗಾಲ ಮುಗಿಯುವ ಹೊತ್ತಿಗೆ, ಅವನೇ ಹುಟ್ಟುಹಾಕಿದ ವಿಮಾನ ಸಂಘಕ್ಕೆ ಅವನೇ ಕಾರ್ಯದರ್ಶಿ. ಸಂಘಕ್ಕೆ ವಿಮಾನವಿರಲಿಲ್ಲ. ಎಂಜಿನ್ನಿಲ್ಲದೆ ಗಾಳಿಯಲ್ಲಿ ತೇಲುವ ಗ್ಲೈಡರೊಂದನ್ನು ಬೆಂಗಳೂರಿನಿಂದ ಎರವಲು ತಂದಿದ್ದ. ಹಾರಿಸಲು ನೆಲ ಬೇಕಿತ್ತು.

ಅವನು ಬೊಟ್ಟು ಮಾಡಿದ್ದು ಪಕ್ಕದ ಆದಿವಾಲದ ಕುರಿಗಾರರ ಗೋಮಾಳಕ್ಕೆ. 'ಈ ನೆಲ ಬಂಜರು, ಇಲ್ಲಿ ಹುಲ್ಲು ಬೆಳೆಯುವುದಿಲ್ಲ, ಕುರಿ ಕಾಲಿಟ್ಟು ವರ್ಷಗಳಾದವು' ಎಂದು ಸರ್ಕಾರಕ್ಕೆ ಅರ್ಜಿ ಹಾಕಿದ್ದ. ಶುಕ್ರವಾರ ತಾಲ್ಲೂಕಿನ ಅಮಲ್ದಾರರು ಸ್ಥಳ ನೋಡಲು ಬರುವವರಿದ್ದರು. ಅವರು ಹೂಂ ಎಂದರೆ ಸುತ್ತ ಮುಳ್ಳುತಂತಿ. ಆಮೇಲೆ ಹಟ್ಟಿಯ ಚಿಕ್ಕತಿಮ್ಮಪ್ಪ ತನ್ನ ಮಂದೆಯನ್ನೆಲ್ಲ ಸಂತೆಗೆ ಹೊಡೆದು ಕೂಲಿಗೆ ನಿಲ್ಲಬೇಕು. ಅಷ್ಟು ಕುರಿಗೆ ಬೇರೆಲ್ಲೂ ಹುಲ್ಲಿರಲಿಲ್ಲ.

ಚಿಕ್ಕತಿಮ್ಮಪ್ಪನ ಸೋದರಳಿಯ ಓಬಣ್ಣ ಬಿ.ಎ. ಓದಿದ್ದ. ಓದಿನಲ್ಲಿ ಮಧ್ಯಮ, ಅಣಕಿಸುವುದರಲ್ಲಿ ಪ್ರಥಮ ದರ್ಜೆ. ಹಟ್ಟಿಯ ಕಟ್ಟೆಯ ಮೇಲೆ ನಿಂತು, ಜೋಳದ ದಂಟನ್ನು ಪೈಪಿನಂತೆ ಕಚ್ಚಿ ಮೂಗಿನಲ್ಲೇ ಶುರುಮಾಡಿದ್ದ.

"ಯೂ ಸೀ, ಬ್ರಿಟನ್ನಿನಲ್ಲಿ ಮೊಟ್ಟಮೊದಲು ಎಂಜಿನ್ ವಿಮಾನ ಹಾರಿಸಿದೋನು ಕೋಡಿ ಅನ್ನೋ ಮನುಷ್ಯ! ಸಾವಿರದ ಒಂಬೈನೂರ ಎಂಟು! ಹಾರಿದ, ಬಿದ್ದ, ಎದ್ದ!"

"ಅವನು ಹುಟ್ಟಿದ್ದು ಅಮೆರಿಕದಾಗೆ ಅನ್ನೋದು ಬಿಟ್ಟೆಯಲ್ಲೋ" ಎಂದಿತು ಹಿಂದಿನಿಂದ ಅದೇ ಮೂಗು. ಆದರೆ ಇದು ಅಸಲು ಮೂಗು. ಸೈಕಲ್ ಹಿಡಿದು ನಿಂತ ಹನುಮಂತಯ್ಯನ ಕಿವಿ ಕೆಂಪಾಗಿತ್ತು. "ಅಣಕಿಸ್ತೀಯೇನಲೇ? ಕುರಿ ಬಾಲ ಹಿಡ್ಕೊಂಡು ಬೆಳೆದೋನಿಗೆ ಏರೋಪ್ಲೇನ್ ವಿಚಾರ ಯಾಕೋ?"

"ತಮ್ಮಿಂದಲೇ ಕಲ್ತಿದ್ದು ಸಾರ್" ಎಂದ ಓಬಣ್ಣ, ದಂಟು ಕಚ್ಚಿಕೊಂಡೇ.

ಚಿಕ್ಕತಿಮ್ಮಪ್ಪ ಕೋಲೂರಿ ಎದ್ದ. "ಬೈಯೋಕೆ ಬಂದ್ರೋ, ಕೆಲಸ ಐತೋ?"

ಕೆಲಸವಿತ್ತು. ಗ್ಲೈಡರು ಲಾರಿಯಲ್ಲಿ ಬಂದಿಳಿದಿತ್ತು, ಆದರೆ ಮಳೆ ಚೆನ್ನಾಗಿ ಬಿದ್ದು ಗೋಮಾಳದಲ್ಲಿ ಹುಲ್ಲು ಮೊಣಕಾಲುದ್ದ ನಿಂತಿತ್ತು. ಚಕ್ರ ಉರುಳುತ್ತಿರಲಿಲ್ಲ. ಕುಡುಗೋಲು ಹಿಡಿದು ಬನ್ನಿ ಎಂದು ಊರೆಲ್ಲ ಕೂಗಿದರೂ ಒಬ್ಬರೂ ಬಂದಿರಲಿಲ್ಲ. ಬಂದವರ ಕೈ ಮುರಿಯುವುದಾಗಿ ಚಿಕ್ಕತಿಮ್ಮಪ್ಪನ ಹೆಂಡತಿ ಬೋರಕ್ಕ ಬಾವಿಕಟ್ಟೆಯಲ್ಲಿ ಸಾರಿದ್ದಳು.

"ಇಂಗ್ಲೆಂಡಿನ ಏರೋಡ್ರೋಮುಗಳಲ್ಲಿ ಹುಲ್ಲು ಕೊಯ್ಯೋಕೆ ಏನು ಬಿಡ್ತಿದ್ರು ಗೊತ್ತೇನ್ರಯ್ಯಾ?" ಎಂದ ಹನುಮಂತಯ್ಯ. "ಕುರಿ! ಶಿಸ್ತಾಗಿ ಮೇಯ್ದು ಹೋಗೋವು. ನಿಮ್ಮವೂ ಎರಡು ದಿನ ಮೇಯ್ಲಿ. ಶುಕ್ರವಾರ ಬೆಳಿಗ್ಗೆ ಒಂದೂ ಕಾಣಬಾರದು."

"ತಂತಿ ಹಾಕೋ ಮುಂಚೆ ತಿಥಿ ಊಟವೇನ್ರಿ?" ಎಂದಳು ಬೋರಕ್ಕ ಬಾಗಿಲಿನಿಂದ. "ನಮ್ಮ ಹುಲ್ಲು ನಮಗೇ ಬಿಕ್ಷೆ ಹಾಕ್ತೀರಾ? ನಡೀರಿ ಇಲ್ಲಿಂದ!"

ಓಬಣ್ಣ ದಂಟು ಉಗಿದ. ಏನೋ ಹೊಳೆದಿತ್ತು. "ತಡಿ ಅತ್ತೆ. ಸಾರ್, ಮೇಯಿಸ್ತೀವಿ. ಆದ್ರೆ ಸುಮ್ನೆ ಮೇಯಿಸಿ ಹೋಗೋ ಪದ್ಧತಿ ನಮ್ಮಲ್ಲಿಲ್ಲ. ಎರಡು ರಾತ್ರಿ ಅಲ್ಲೇ ಮಂದೆ ನಿಲ್ಲಿಸ್ತೀವಿ. ಮಂದೆ ಹಾಕಿಸ್ಕೊಂಡ ಹೊಲದವ್ರು ಕುರಿಗಾರರಿಗೆ ರಾಗಿ ಕೊಡೋದು ಗೊತ್ತಲ್ಲ? ನಾಲ್ಕು ಜನರ ಮುಂದೆ, ತಮ್ಮ ಕೈಯಾರೆ ಅಳೀಬೇಕು."

ಆ ಸೀಮೆಯಲ್ಲಿ ಕುರಿ ಹಿಕ್ಕೆ ಅಂದರೆ ಬಂಗಾರ. ಬೆಳೆ ಇಡುವ ಹೊಲಕ್ಕೆ ಗೊಬ್ಬರವಾಗಲೆಂದು ರೈತರು ಮುಗಿಬಿದ್ದು, ರಾತ್ರಿ ಕುರಿ ತಂಗಿಸಿ ಮಂದೆ ಹಾಕಿಸಿಕೊಳ್ಳುತ್ತಾರೆ. ಹನುಮಂತಯ್ಯನಿಗೆ ಅದು ಗೊತ್ತಿತ್ತು. ಆದರೆ ಅವನ ತಲೆ ಆ ಗಳಿಗೆಯಲ್ಲಿ ಇಂಗ್ಲೆಂಡಿನಲ್ಲಿತ್ತು. ಮಾರನೆಯ ದಿನ ಊರ ಮುಂದೆ ರಾಗಿ ಅಳೆದು ಸುರಿದ. "ಇದು ಏರೋಡ್ರೋಮ್ ಭತ್ಯೆ ಕಣ್ರಯ್ಯಾ" ಎಂದು ಭಾಷಣವನ್ನೂ ಮಾಡಿದ.

ಚಿಕ್ಕತಿಮ್ಮಪ್ಪನಿಗೆ ಉರಿಯುತ್ತಿತ್ತು. "ವೈರಿ ರಾಗಿ ಹೆಂಗಲೇ ತಿನ್ನಾಣ?"

"ಶುಕ್ರವಾರದ ತಂಕ ತಡಿ ಮಾವ. ಆಮೇಲೆ ರುಚಿಯಾಗ್ತೈತೆ."

ಶುಕ್ರವಾರ ಅಮಲ್ದಾರರು ಜೀಪಿನಿಂದ ಇಳಿದರು. ಇಟ್ಟ ಮೊದಲ ಹೆಜ್ಜೆಯೇ ಹಸಿ ಹಿಕ್ಕೆಯ ಮೇಲೆ. ಬೂಟು ಎತ್ತಿ ನೋಡಿದರು, ಗ್ಲೈಡರನ್ನು ನೋಡಿದರು, ಆಚೆ ಬಿದಿರ ತಟ್ಟಿಯ ದೊಡ್ಡಿಯೊಳಗೆ ಮೆಲುಕು ಹಾಕುತ್ತಿದ್ದ ಮಂದೆಯನ್ನು ನೋಡಿದರು.

"ಒಂದೂ ಕಾಣಬಾರದು ಅಂದಿರಲಿಲ್ವೇನಲೇ!" ಹನುಮಂತಯ್ಯ ಹಲ್ಲು ಕಡಿದ.

ಓಬಣ್ಣ ಕೈಕಟ್ಟಿ ಮುಂದೆ ಬಂದ. "ಬುದ್ಧಿ, ಕಾರ್ಯದರ್ಶಿಗಳು ಭಾಳ ತಿಳಿದೋರು. ಇಂಗ್ಲೆಂಡಿನಲ್ಲಿ ಹಂದಿ ಹಾರಿತ್ತು ಅಂತಾರೆ. ನಮಗೆ ನಂಬಿಕೆ ಇಲ್ಲ."

"ನಂಬಿಕೆ ಇಲ್ವಂತೆ ಮುಠ್ಠಾಳನಿಗೆ!" ಹನುಮಂತಯ್ಯ ತಡೆಯಲಾರದೆ ಹೋದ. "ಸಾವಿರದ ಒಂಬೈನೂರ ಒಂಬತ್ತು, ಮೂರ್-ಬ್ರಬಾಜನ್, ಹಂದಿಮರಿಯನ್ನು ಕಸದ ಬುಟ್ಟೀಲಿ ಕೂರಿಸಿ ವಿಮಾನಕ್ಕೆ ಕಟ್ಟಿ ಹಾರಿಸಿದ! ಶೆಪ್ಪಿ ದ್ವೀಪದಲ್ಲಿ!"

"ಅಲ್ಲಿ ಕುರಿ ಇರಲಿಲ್ವೇನೋ, ಪಾಪ" ಎಂದ ಓಬಣ್ಣ.

"ಇರಲಿಲ್ವೇ? ಕುರಿಗಳ ದ್ವೀಪ ಅಂತಲೇ ಅದರ ಹೆಸರು! ಕುರಿ ಮೇಯೋ ಬಯಲಲ್ಲೇ ಬ್ರಿಟಿಷರು ಹಾರೋದು ಕಲಿತಿದ್ದು. ಆಮೇಲೂ ಏರೋಡ್ರೋಮುಗಳಲ್ಲಿ ಹುಲ್ಲು ಮೇಯೋಕೆ ಕುರಿ ಬಿಡ್ತಿದ್ರು. ಅದಕ್ಕೇ ಸ್ವಾಮಿ, ನಾನೂ ಇಲ್ಲಿ ಮೊಣಕಾಲುದ್ದ ಹುಲ್ಲು ನೋಡಿ ಕುರಿ ಬಿಡಿಸಿದೆ. ಮಂದೆಗೆ ನಾನೇ ಕೈಯಾರೆ ರಾಗಿ ಅಳೆದೆ!"

ಅಮಲ್ದಾರರು ಬೂಟನ್ನು ಕಲ್ಲಿಗೆ ಉಜ್ಜುವುದನ್ನು ನಿಲ್ಲಿಸಿದರು. ಅವರೂ ಹೊಸದುರ್ಗದ ಕಡೆಯ ರೈತರ ಮನೆಯವರು.

"ಮೊಣಕಾಲುದ್ದ ಹುಲ್ಲು?"

"ಹೌದು ಸ್ವಾ…" ಹನುಮಂತಯ್ಯನ ಬಾಯಿ ಅರ್ಧದಲ್ಲೇ ನಿಂತಿತು.

"ಹುಲ್ಲೇ ಬೆಳೆಯೋದಿಲ್ಲ, ಕುರಿ ಕಾಲಿಟ್ಟಿಲ್ಲ ಅಂತ ಬರೆದವರು ನೀವೇ ಅಲ್ವೇನ್ರಿ? ರಾಗಿ ಅಳೆದು ಬಂಜರಿಗೆ ಮಂದೆ ಹಾಕಿಸಿದ್ದನ್ನ ನಾನು ಎಲ್ಲೂ ಕಂಡಿಲ್ಲ."

"ಅದು… ಈ ವರ್ಷ ಮಳೆ ಜಾಸ್ತಿ…"

"ಮಳೆ ಮುಂದಿನ ವರ್ಷವೂ ಬರಲಿ ಬಿಡಿ." ಅಮಲ್ದಾರರು ಜೀಪು ಹತ್ತಿದರು. "ಅರ್ಜಿ ವಜಾ. ಗೋಮಾಳ ಗೋಮಾಳವೇ."

ಜೀಪಿನ ಧೂಳು ಇಳಿಯುವ ಮೊದಲೇ ಹನುಮಂತಯ್ಯ ಓಬಣ್ಣನ ಅಂಗಿ ಹಿಡಿದ. "ಬೇಕಂತಲೇ ಬಾಯಿ ಬಿಡಿಸಿದೆಯಲ್ಲೋ ಕಳ್ಳ!"

"ಬಾಯಿ ತಮ್ಮದೇ ಸಾರ್. ನಾನು ಅಣಕಿಸಲೂ ಇಲ್ಲ ಇವತ್ತು."

ಚಿಕ್ಕತಿಮ್ಮಪ್ಪ ನಡುವೆ ಕೋಲು ಅಡ್ಡ ಹಿಡಿದ. "ಕೈ ತೆಗೀರಿ."

ಹನುಮಂತಯ್ಯ ಕೈ ತೆಗೆದ. "ಚಿತ್ರದುರ್ಗಕ್ಕೆ ಹೋಗ್ತೀನಿ. ದೊಡ್ಡ ಸಾಹೇಬರ ಹತ್ರ ಹೋಗ್ತೀನಿ. ನಿಮ್ಮ ಹಟ್ಟಿ ಮೇಲೇ ವಿಮಾನ ಇಳಿಸ್ತೀನಿ, ನೋಡ್ತಿರಿ!"

"ಹಾರ್ಕಂಡೇ ಹೋಗ್ರಿ, ಬಸ್ಸು ಯಾಕೆ?" ಎಂದಳು ಬೋರಕ್ಕ.

"ನನ್ನ ರಾಗಿ ವಾಪಸ್ ಹಾಕ್ರಿ ಮೊದ್ಲು!"

"ಹಿಟ್ಟಾಗಿ, ಮುದ್ದೆನೂ ಆಗೈತೆ. ಹಿಕ್ಕೆ ಐತೆ, ಬಳ್ಕೊಂಡು ಹೋಗ್ರಿ."

ಓಬಣ್ಣ ಗಹಗಹಿಸಿದ. ಚಿಕ್ಕತಿಮ್ಮಪ್ಪ ನಗಲಿಲ್ಲ. "ನಗಬ್ಯಾಡಲೇ, ಅವನು ಮತ್ತೆ ಬರ್ತಾನೆ" ಎಂದು ಹೋಗಿ ತಟ್ಟಿ ಬಿಚ್ಚಿದ. ಕುರಿಗಳು ನುಗ್ಗಿ ಬಯಲು ತುಂಬಿದವು. ಬಿಸಿಲೇರುತ್ತಿತ್ತು, ನೆರಳು ಹುಡುಕಿ ಗ್ಲೈಡರಿನ ರೆಕ್ಕೆಯಡಿಗೇ ಹೋಗಿ ಒಂದಕ್ಕೊಂದು ಒತ್ತಿ ನಿಂತವು. ಹನುಮಂತಯ್ಯ ಪೈಪು ಬೀಸುತ್ತ, ಬೈಯುತ್ತ ಅವನ್ನು ಅಟ್ಟತೊಡಗಿದ. ಒಂದೂ ಕದಲಲಿಲ್ಲ. ಚಿಕ್ಕತಿಮ್ಮಪ್ಪ ಕೋಲಿಗೆ ಒರಗಿ ನೋಡುತ್ತ ನಿಂತ. ತಾನು ಕೂಗಿದರೆ ಬರುವ ಕುರಿಗಳನ್ನು ಅವನು ಕರೆಯಲಿಲ್ಲ.